ಕಿಷ್ಕಿಂಧೆಯ ಕಪಿಗಳಿಗೆ ಕನ್ನಡ ಬಾರದೆ?

ಜಪಾನಿನ ಯುಗೊ ಸಾಕೊ, ಕೊಯಿಚಿ ಸಾಸಾಕಿ ಹಾಗೂ ಭಾರತದ ರಾಮ್ ಮೋಹನ್ ಕೂಡಿ ನಿರ್ದೇಶಿಸಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ (1992) ಎಂಬ ಅನಿಮೇಷನ್ ಚಿತ್ರ 2025ರ ಜನವರಿ 24ರಂದು ದೇಶದ ಚಿತ್ರಮಂದಿರಗಳಿಗೆ ಬಂದಿತು. ಬಾಲ್ಯದಲ್ಲಿ ಇದನ್ನು ಟಿ.ವಿ.ಯಲ್ಲಿ ಕಂಡು ಮೆಚ್ಚಿದವರು ಈಗ ತಾವೇ ತಂದೆ ತಾಯಿಯರು. ಅವರಿಗಾಗಿ ಹಿಂದಿ, ತಮಿಳು, ತೆಲುಗಿನಲ್ಲಿ ಹೊಸ ಧ್ವನಿ ಸಿದ್ಧವಾಗಿತ್ತು. ಮೂಲದ ಇಂಗ್ಲಿಷೂ ಇತ್ತು. ಕನ್ನಡ ಮಾತ್ರ ಇರಲಿಲ್ಲ.

ನಿವೃತ್ತಿಯ ನಂತರ ಹೊಸಪೇಟೆಯಲ್ಲಿ ನೆಲೆಸಿರುವ ನನಗೆ ಈ ಕೊರತೆ ವಿಚಿತ್ರವಾಗಿ ಕಂಡಿತು. ಕಥೆಯ ಕಿಷ್ಕಿಂಧೆ ಇದೇ ಎಂದು ಜನ ನಂಬಿದ ನೆಲ ನಮ್ಮದು. ತುಂಗಭದ್ರೆಯ ಆಚೆ ಆನೆಗೊಂದಿ, ಅಂಜನಾದ್ರಿ. ಈಚೆ ಹಂಪಿಯ ಹಜಾರ ರಾಮ ದೇವಾಲಯ. ಅದರ ಗೋಡೆಗಳ ಮೇಲೆ ಸಾಲುಸಾಲಾಗಿ ಕೆತ್ತಿದ ರಾಮಾಯಣವನ್ನು ಪ್ರದಕ್ಷಿಣೆ ಬರುತ್ತ ನೋಡಬೇಕು. ಅಲ್ಲಿ ಚಿತ್ರ ನಿಂತಿರುತ್ತದೆ, ನೋಡುವವನು ಚಲಿಸುತ್ತಾನೆ. ಬಳ್ಳಾರಿ, ಕೊಪ್ಪಳ ಸೀಮೆಯ ತೊಗಲುಗೊಂಬೆಯವರು ಬೆಳಕಿನ ಪರದೆಯ ಮೇಲೆ ಇದೇ ಕಥೆಯನ್ನು ಕನ್ನಡದಲ್ಲಿ ಆಡಿಸಿದರು. ಆ ಪರಂಪರೆಯ ಹಿರಿಯ ಕಲಾವಿದೆ, ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು ಈ ಚಿತ್ರ ತೆರೆಕಂಡ ಮರುದಿನವೇ!

ನನ್ನ ಮಗ ಚಿಕ್ಕವನಿದ್ದಾಗ ಚಿತ್ರದ ಇಂಗ್ಲಿಷ್ ಮಾತುಗಳನ್ನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳುತ್ತಿದ್ದೆ. ಆಗ ಅವನಿಗೆ ಸೇತುವೆ ಕಟ್ಟುವ ಕಪಿಗಳೇ ಸರ್ವಸ್ವ. ಈ ಬಾರಿ ನೋಡಿದಾಗ ಅವನ ಕಣ್ಣು ಯುದ್ಧದಲ್ಲಿ ಮಡಿದವರ ಮೇಲೆ ನಿಂತಿತು. ವಯಸ್ಸಿನೊಂದಿಗೆ ಅರ್ಥವೂ ಬೆಳೆಯುವುದು ಒಳ್ಳೆಯ ಮಕ್ಕಳ ಚಿತ್ರದ ಲಕ್ಷಣ. ಆದರೆ ಅವನ ಮಗಳಿಗೂ ನಾನೇ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಇಂಗ್ಲಿಷ್ ಬಲ್ಲ ಅಜ್ಜನಿರುವ ಮಗುವಿನ ಮಾತು ಹೀಗಾಯಿತು. ಸಂಡೂರಿನ ಗಣಿ ಕಾರ್ಮಿಕರ ಮಗುವಿಗೆ, ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ದುಡಿಯುವವರ ಮಗುವಿಗೆ ಹೇಳುವವರು ಯಾರು?

ಡಬ್ಬಿಂಗ್ ವಿರೋಧಕ್ಕೆ 1960ರ ದಶಕದಲ್ಲಿ ಕಾರಣವಿತ್ತು. ಕನ್ನಡ ಚಿತ್ರೋದ್ಯಮ ಎಳೆಯದಾಗಿತ್ತು. ಮದರಾಸಿನ ನೆರಳಿನಲ್ಲಿ ಬೆಳೆಯಬೇಕಿತ್ತು. ಎಳೆಯ ಉದ್ಯಮಕ್ಕೆ ರಕ್ಷಣೆ ಬೇಕೆಂಬುದನ್ನು ಅರ್ಥಶಾಸ್ತ್ರ ಒಪ್ಪುತ್ತದೆ; ಆ ರಕ್ಷಣೆಗೆ ಅವಧಿಯೊಂದು ಇರಬೇಕೆಂದೂ ಹೇಳುತ್ತದೆ. ಇಲ್ಲಿ ಆ ಅವಧಿಯನ್ನು ಯಾರೂ ಗೊತ್ತುಪಡಿಸಲಿಲ್ಲ. ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ಮಾರಕವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳಬೇಕಾಯಿತು. ಕನ್ನಡ ಮಾತನಾಡುವ ಕಾರ್ಟೂನುಗಳ ‘ಚಿಂಟು ಟಿ.ವಿ.’ ಬಂದದ್ದು 2009ರಲ್ಲಿ. ಆ ವೇಳೆಗೆ ಒಂದು ಪೀಳಿಗೆಯ ಬಾಲ್ಯವೇ ಕಳೆದಿತ್ತು.

ಈಗ ತಡೆಯಿಲ್ಲ, ಅಭ್ಯಾಸ ಉಳಿದಿದೆ. ಕನ್ನಡಿಗರು ಹೇಗೂ ತೆಲುಗು, ಹಿಂದಿಯಲ್ಲೇ ನೋಡಿಕೊಳ್ಳುತ್ತಾರೆ ಎಂಬುದು ವಿತರಕರ ಲೆಕ್ಕ. ನಮ್ಮ ಭಾಗದ ಮಕ್ಕಳು ತೆಲುಗು ಕಲಿಯುವುದು ಸಂತೋಷದ ಸಂಗತಿಯೇ. ಆದರೆ ಅದ್ಭುತವೆಲ್ಲ ಬೇರೆ ಭಾಷೆಯಲ್ಲಿ, ಕನ್ನಡ ಪಾಠ ಪರೀಕ್ಷೆಗೆ ಮಾತ್ರ ಎಂದು ಮಗುವಿಗೆ ಅನ್ನಿಸಿದರೆ, ಮುಂದೆ ಯಾವ ಆದೇಶವೂ ಅದನ್ನು ತಿದ್ದಲಾರದು. ಅದೇ ವರ್ಷ ಜುಲೈಯಲ್ಲಿ ‘ಮಹಾವತಾರ ನರಸಿಂಹ’ ಕನ್ನಡದಲ್ಲೂ ತೆರೆಕಂಡಿತು. ಮನಸ್ಸಿದ್ದರೆ ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಚಿತ್ರ ತಯಾರಿಸುವ ವೆಚ್ಚದ ಮುಂದೆ ಇನ್ನೊಂದು ಭಾಷೆಯ ಧ್ವನಿ ಸೇರಿಸುವ ಖರ್ಚು ಅಲ್ಪ. ಕನ್ನಡ ಚಿತ್ರಗಳಿಗೆ ಸಹಾಯಧನ ನೀಡುವ ಸರ್ಕಾರ, ಉತ್ತಮ ಮಕ್ಕಳ ಚಿತ್ರಗಳಿಗೆ ಕನ್ನಡದ ಧ್ವನಿ ಕೊಡಿಸಲೂ ಒಂದು ಪಾಲು ಮೀಸಲಿಡಲಿ. ಅವುಗಳನ್ನು ಸರ್ಕಾರಿ ಶಾಲೆಗಳಲ್ಲಿ ಉಚಿತವಾಗಿ ತೋರಿಸುವ ಷರತ್ತೂ ಇರಲಿ. ಧ್ವನಿ ಕೊಡಲು ನಮ್ಮ ತೊಗಲುಗೊಂಬೆ, ಬಯಲಾಟದ ಕಲಾವಿದರನ್ನೇ ಕರೆಯಬಹುದು. ಹನುಮಂತ ಹೇಗೆ ಮಾತನಾಡುತ್ತಾನೆಂದು ಅವರಿಗೆ ಯಾರೂ ಕಲಿಸಬೇಕಿಲ್ಲ.