ಮೂರು ಲಕ್ಷದ ಕನ್ನಡಕ ವಾಪಸ್ ಹೋದ ಕಥೆ

2024ರ ಫೆಬ್ರುವರಿಯಲ್ಲಿ ಅಮೆರಿಕದ ಒಂದಷ್ಟು ಗಿರಾಕಿಗಳು ಒಂದು ಕೆಲಸ ಮಾಡಿದರು. ಆ್ಯಪಲ್‌ನಂಥ ದೈತ್ಯ ಕಂಪನಿಯ ಅಂಗಡಿಗೆ ಹೋಗಿ, 'ನಿಮ್ಮ ಮಾಲು ನಮಗೆ ಒಗ್ಗಲಿಲ್ಲ. ಇದನ್ನು ಇಟ್ಟುಕೊಳ್ಳಿ, ನಮ್ಮ ರೊಕ್ಕ ಕೊಡಿ' ಅಂದರು. ಕಂಪನಿ ಕೊಟ್ಟಿತು. ಕೈ ಮುಗಿಯಲಿಲ್ಲ, ಜಗಳ ಮಾಡಲಿಲ್ಲ, ಯಾರ ವಶೀಲಿಯೂ ಬೇಕಾಗಲಿಲ್ಲ. ಬಿಲ್ಲು ತೋರಿಸಿದರು, ರೊಕ್ಕ ಎಣಿಸಿಕೊಂಡರು, ಮನೆಗೆ ಹೋದರು.

ಕನ್ನಡದ ಯುವ ಮಿತ್ರರೇ, ಈ ಸುದ್ದಿಯನ್ನು ನೀವೂ ಓದಿರುತ್ತೀರಿ. ಆದರೆ ಯಂತ್ರದ ಬೆರಗಿನಲ್ಲಿ ಗಿರಾಕಿಯ ಗತ್ತನ್ನು ಮರೆತಿರುತ್ತೀರಿ. ನಾವು ಇವತ್ತು ಮಾತಾಡಬೇಕಾಗಿರುವುದು ಆ ಗತ್ತಿನ ಬಗ್ಗೆ.

ಮೊದಲು ಯಂತ್ರ ಯಾವುದು ಅಂತ ನೋಡೋಣ. ಹೆಸರು 'ವಿಷನ್ ಪ್ರೊ'. 2023ರ ಜೂನ್‌ನಲ್ಲಿ ಆ್ಯಪಲ್ ಇದನ್ನು ಜಗತ್ತಿಗೆ ತೋರಿಸಿತು. 2024ರ ಫೆಬ್ರುವರಿ 2ರಂದು ಅಮೆರಿಕದಲ್ಲಿ ಮಾರಾಟಕ್ಕೆ ಇಟ್ಟಿತು. ಈಜುಗಾರರ ದೊಡ್ಡ ಕನ್ನಡಕದ ಹಾಗೆ ಮುಖಕ್ಕೆ ಕಟ್ಟಿಕೊಳ್ಳಬೇಕು. ಒಳಗೆ ಎರಡೂ ಕಣ್ಣಿಗೆ ಒಂದೊಂದು ಪುಟ್ಟ ಪರದೆ. ಹೊರಗಿನ ಕ್ಯಾಮೆರಾಗಳು ನಿಮ್ಮ ಕೋಣೆಯನ್ನೇ ಹಿಡಿದು ನಿಮಗೆ ತೋರಿಸುತ್ತವೆ. ಆ ಕೋಣೆಯ ನಡುವೆ ಸಿನಿಮಾ ಪರದೆಯೋ, ಕಚೇರಿ ಕಾಗದವೋ, ಆಟವೋ ತೇಲುತ್ತಿರುತ್ತದೆ. ಕಂಡದ್ದು ಅರ್ಧ ನಿಜ, ಅರ್ಧ ಮಾಯೆ. ಅದಕ್ಕೇ ಮಿಶ್ರ ವಾಸ್ತವ ಅನ್ನುವ ಹೆಸರು. ನಮ್ಮ ಕಡೆ ಜಾತ್ರೆಗಳಲ್ಲಿ ಬಯಾಸ್ಕೋಪ್ ಪೆಟ್ಟಿಗೆಗೆ ಮುಖ ಹಚ್ಚಿ ದೊಡ್ಡ ಊರು ನೋಡುತ್ತಿದ್ದೆವಲ್ಲ, ಅದನ್ನೇ ಮುಖಕ್ಕೆ ಬಿಗಿದು ಕಟ್ಟಿದಂತೆ. ಒಂದೇ ವ್ಯತ್ಯಾಸ. ಬಯಾಸ್ಕೋಪಿನವನು ನಾಲ್ಕಾಣೆ ತಗೊಂಡು ನಮ್ಮ ಭಾಷೆಯಲ್ಲೇ ಕಥೆ ಹೇಳುತ್ತಿದ್ದ!

ಇದರ ಬೆಲೆ 3,499 ಡಾಲರ್. ಆವತ್ತಿನ ಲೆಕ್ಕಕ್ಕೆ ಸುಮಾರು 2 ಲಕ್ಷ 90 ಸಾವಿರ ರೂಪಾಯಿ. ತೆರಿಗೆ ಬೇರೆ. ದೃಷ್ಟಿದೋಷ ಇದ್ದವರು ಪ್ರತ್ಯೇಕ ಗಾಜು ಹಾಕಿಸಬೇಕು, ಅದಕ್ಕೆ 99ರಿಂದ 149 ಡಾಲರ್ ಬೇರೆ. ನಮ್ಮ ಅಫಜಲಪುರ, ಆಳಂದ, ಜೇವರ್ಗಿಯ ರೈತನ ಭಾಷೆಯಲ್ಲಿ ಹೇಳುವುದಾದರೆ, 2023-24ರಲ್ಲಿ ತೊಗರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,000 ರೂಪಾಯಿ. ಒಂದು ಕನ್ನಡಕಕ್ಕೆ 41 ಕ್ವಿಂಟಲ್ ತೊಗರಿ! ಮಳೆ ಬಂದರೆ, ಗೊಡ್ಡು ರೋಗ ಬಾರದಿದ್ದರೆ, ಭೀಮೆ ಹೊಲಕ್ಕೆ ನುಗ್ಗದಿದ್ದರೆ ಎಷ್ಟು ಎಕರೆಯ ಬೆಳೆ ಅದು, ನೀವೇ ಲೆಕ್ಕ ಹಾಕಿ.

ಕೊಂಡವರು ಏನಂದರು? ಮೆಚ್ಚಿದವರು ಇದ್ದರು, ಸುಳ್ಳು ಹೇಳಬಾರದು. ಮನೆಯಲ್ಲೇ ದೊಡ್ಡ ಟಾಕೀಸು ಬಂದಂತಾಯಿತು ಅಂದರು. ಮಕ್ಕಳ ಹಳೇ ಚಿತ್ರ ಕಣ್ಣೆದುರು ಜೀವಂತ ನಿಂತಂತೆ ಕಂಡು ಕಣ್ಣೀರು ಹಾಕಿದವರೂ ಉಂಟು. ಕಣ್ಣು ಹಾಯಿಸಿ ಎರಡು ಬೆರಳು ಕೂಡಿಸಿದರೆ ಸಾಕು, ಯಂತ್ರ ಮಾತು ಕೇಳುತ್ತದೆ. ಅದು ಸಣ್ಣ ಸಾಧನೆಯಲ್ಲ.

ಆದರೆ ವಾರ ಕಳೆಯುವುದರೊಳಗೆ ಇನ್ನೊಂದು ರಾಗ ಶುರುವಾಯಿತು. ಯಂತ್ರದ ತೂಕ 600ರಿಂದ 650 ಗ್ರಾಂ, ಅಷ್ಟೂ ಭಾರ ಮುಖದ ಮೇಲೆ. ಬ್ಯಾಟರಿಯನ್ನು ಬೇರೆಯಾಗಿ ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಅದೂ ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಕೆಲವರಿಗೆ ತಲೆನೋವು, ಕೆಲವರಿಗೆ ಕುತ್ತಿಗೆ ನೋವು, ಕೆಲವರಿಗೆ ಬಸ್ಸಿನಲ್ಲಿ ಆಗುವಂಥ ವಾಕರಿಕೆ, ಕಣ್ಣು ಕೆಂಪು. ನೆಟ್‌ಫ್ಲಿಕ್ಸ್, ಯೂಟ್ಯೂಬ್ ಇದಕ್ಕೆಂದೇ ಆ್ಯಪ್ ಮಾಡಿಕೊಟ್ಟಿರಲಿಲ್ಲ. ಮನೆಮಂದಿ ಪಕ್ಕದಲ್ಲೇ ಕೂತಿದ್ದರೂ ತಾನೊಬ್ಬನೇ ಡಬ್ಬಿಯೊಳಗೆ ಕೂತಂತಾಗುತ್ತದೆ ಅನ್ನುವ ಬೇಸರವೂ ಸೇರಿತು. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಇಷ್ಟು ರೊಕ್ಕ ಕೊಟ್ಟು ದಿನವೂ ಇದರಿಂದ ಮಾಡುವುದೇನು?

ಆ್ಯಪಲ್‌ನ ನಿಯಮದ ಪ್ರಕಾರ 14 ದಿನದೊಳಗೆ ಮಾಲು ವಾಪಸ್ ಕೊಡಬಹುದು. ಫೆಬ್ರುವರಿ ನಡುಭಾಗಕ್ಕೆ ಆ ಗಡುವು ಮುಗಿಯುತ್ತಿತ್ತು. ಬೇಡವಾದವರು ಗಡುವಿನೊಳಗೆ ವಾಪಸ್ ಕೊಟ್ಟರು. ಯಾಕೆ ಕೊಟ್ಟೆವು ಅಂತ ಹೆಸರು ಹಾಕಿ ಬರೆದರು. ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಅವರೇ ಅದೇ ವರ್ಷ ಅಕ್ಟೋಬರ್‌ನಲ್ಲಿ, ಈ ಬೆಲೆಗೆ ಇದು ಜನಸಾಮಾನ್ಯರ ಸರಕಲ್ಲ ಎಂಬ ಅರ್ಥದ ಮಾತಾಡಿದರು. 2025ರ ಅಕ್ಟೋಬರ್‌ನಲ್ಲಿ ಹೊಸ ಚಿಪ್ಪಿನ ಜೊತೆಗೆ ತಲೆಪಟ್ಟಿಯನ್ನೂ ಬದಲಿಸಿ ಮತ್ತೆ ಮಾರುಕಟ್ಟೆಗೆ ಬಿಟ್ಟರು. ಬೆಲೆ ಇಳಿಯಲಿಲ್ಲ. ತೂಕವಂತೂ ಇನ್ನೂ ಏರಿತು. ಆದರೆ ಭಾರ ಮುಂದಕ್ಕೆ ಜಗ್ಗುತ್ತದೆ ಎಂಬ ದೂರಿಗೆ ಪಟ್ಟಿಯ ರೂಪದಲ್ಲಿ ಉತ್ತರ ಬಂತು. ಗಿರಾಕಿ ಬಾಯಿ ಬಿಟ್ಟರೆ ಎಂಥ ಕಂಪನಿಯೂ ಕಿವಿ ಕೊಡುತ್ತದೆ ಅನ್ನುವುದಕ್ಕೆ ಇಷ್ಟು ಸಾಕಲ್ಲವೇ?

ಈಗ ನಮ್ಮ ಊರಿಗೆ ಬನ್ನಿ.

ಘತ್ತರಗಿಯಲ್ಲಿ ಭಾಗ್ಯವಂತಿಯ ದರ್ಶನಕ್ಕೆ ಬರುವ ಜನರ ನಡುವೆ ಪ್ರೆಸ್ಸು ನಡೆಸುವ ನಮಗೆ ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕೇ ಅನ್ನ. ಬಿಲ್ ಬುಕ್ ಮಾಡಿಸಲು ಬರುವ ಅಂಗಡಿಯವರು ಹೆಸರು, ವಿಳಾಸ, ಜಿಎಸ್‌ಟಿ ನಂಬರು ಬರೆಸಿದ ಮೇಲೆ ತಪ್ಪದೆ ಹೇಳುವ ಮಾತೊಂದಿದೆ: 'ಅಣ್ಣಾ, ಬುಡಕ್ಕ ಅದೊಂದ್ ಲೈನ್ ಮರೀಬ್ಯಾಡ್ರಿ.' ಯಾವ ಲೈನು? 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.' ಮಿಕ್ಸರ್ ಅಂಗಡಿಗೂ ಅದೇ, ಮೊಬೈಲ್ ಅಂಗಡಿಗೂ ಅದೇ, ಬೀಜ ಗೊಬ್ಬರದ ಅಂಗಡಿಗೂ ಅದೇ. ಅದು ಕಾನೂನು ಅಂತ ಮಾರುವವನೂ ನಂಬಿದ್ದಾನೆ, ಕೊಳ್ಳುವವನೂ ನಂಬಿದ್ದಾನೆ. ನಮ್ಮ ಪ್ರೆಸ್ಸು ಆ ಸಾಲನ್ನು ಅಚ್ಚು ಹಾಕುವುದಿಲ್ಲ. ಹಾಕುವುದಿಲ್ಲ ಅಂದಾಗ ಸಿಟ್ಟಾಗಿ ಬೇರೆ ಪ್ರೆಸ್ಸಿಗೆ ಹೋದ ಗಿರಾಕಿಗಳೂ ಉಂಟು. ಹೋಗಲಿ.

ಯಾಕೆ ಹಾಕುವುದಿಲ್ಲ? ಅದು ಕಾನೂನಿನ ಮುಂದೆ ನಿಲ್ಲುವ ಮಾತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಅವಧಿಯೇ ಇಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ರೊಕ್ಕ ಕೊಡಲು ಒಪ್ಪದಿರುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಗಮನಿಸಿ, ಇಲ್ಲಿ ದೋಷವಿರಬೇಕು. 'ಬಣ್ಣ ಹಿಡಿಸಲಿಲ್ಲ' ಅಂದರೆ ನಡೆಯುವುದಿಲ್ಲ. ಅಮೆರಿಕದವರಿಗೆ ಆ್ಯಪಲ್ ಕೊಟ್ಟ 14 ದಿನ ಕಂಪನಿಯ ವ್ಯಾಪಾರ ನೀತಿ. ನಮ್ಮ 30 ದಿನ ಈ ದೇಶದ ಕಾನೂನು. ನೀತಿಯನ್ನು ಕಂಪನಿ ನಾಳೆ ಬದಲಿಸಬಹುದು, ಕಾನೂನನ್ನು ಬದಲಿಸಲಾರದು. ನಮ್ಮ ಕೈಯಲ್ಲಿ ಇರುವುದು ಹೆಚ್ಚು ಗಟ್ಟಿ ಅಸ್ತ್ರ. ಆದರೆ ಹಿಡಿಯುವ ಕೈ ಎಲ್ಲಿ?

ಕೈ ಯಾಕೆ ನಡುಗುತ್ತದೆ ಅಂತ ಕೇಳಿ. ಪೆಟ್ಟಿಗೆಯೊಳಗಿನ ಕಾಗದ ನಮಗೆ ಅರ್ಥವಾಗುವ ಭಾಷೆಯಲ್ಲಿಲ್ಲ. ವಾರಂಟಿ ಕಾರ್ಡು ಇಂಗ್ಲಿಷ್, ಬಳಸುವ ವಿಧಾನ ಇಂಗ್ಲಿಷ್, ಎಚ್ಚರಿಕೆ ಇಂಗ್ಲಿಷ್. 2011ರ ಪೊಟ್ಟಣ ಸಾಮಗ್ರಿಗಳ ಕೇಂದ್ರ ನಿಯಮದ ಪ್ರಕಾರ ಬೆಲೆ, ತೂಕ, ತಯಾರಕರ ವಿವರ ಹಿಂದಿಯಲ್ಲಿ ಅಥವಾ ಇಂಗ್ಲಿಷ್‌ನಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಬೇಕಾದರೆ ಸೇರಿಸಿಕೊಳ್ಳಿ ಅನ್ನುತ್ತದೆ, ಸೇರಿಸಲೇಬೇಕು ಅನ್ನುವುದಿಲ್ಲ. ರೊಕ್ಕ ಕೊಡುವವನು ಕನ್ನಡಿಗ, ವಿವರ ಮಾತ್ರ ಅವನಿಗಲ್ಲ. ಇದೆಂಥಾ ನ್ಯಾಯ?

ಆ ಕನ್ನಡಕದ್ದೂ ಇದೇ ಕಥೆ. ಮಾರಾಟದ ಮೊದಲ ದಿನ ಅದಕ್ಕೆ ಬರುತ್ತಿದ್ದ ಭಾಷೆ ಒಂದೇ, ಅಮೆರಿಕದ ಇಂಗ್ಲಿಷ್. 2024ರಲ್ಲಿ ಚೀನಾ, ಜಪಾನ್, ಸಿಂಗಪುರ, ಜರ್ಮನಿ, ಫ್ರಾನ್ಸ್, ದಕ್ಷಿಣ ಕೊರಿಯಾ, ಯುಎಇ ಅಂತ ಮಾರಾಟ ಹಬ್ಬಿತು. ಆ ವರ್ಷದ ಪಟ್ಟಿಯಲ್ಲಿ ಭಾರತವೇ ಇರಲಿಲ್ಲ, ಕನ್ನಡದ ಮಾತು ದೂರ ಉಳಿಯಿತು. ಅದೇ ಫೆಬ್ರುವರಿಯಲ್ಲಿ ಬೆಂಗಳೂರಿನ ಅಂಗಡಿಗಳು ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಬರೆಸಲು 28ನೇ ತಾರೀಖಿನ ಗಡುವು ಎಣಿಸುತ್ತಿದ್ದವು. ಬೋರ್ಡಿಗಾಗಿ ಬೀದಿಗಿಳಿದೆವು, ಸರಿ. ಬೋರ್ಡಿನ ಕೆಳಗೆ ಮಾರಾಟವಾಗುವ ಪೆಟ್ಟಿಗೆಯ ಕನ್ನಡ ಯಾವಾಗ ಕೇಳುತ್ತೇವೆ?

'ಇದು ಶ್ರೀಮಂತರ ಆಟಿಕೆ, ನಮಗ್ಯಾಕ್ರಿ ಈ ಚರ್ಚೆ?' ಅನ್ನುವವರಿದ್ದಾರೆ. ಅವರಿಗೆ ಒಂದು ನೆನಪು ಕೊಡುತ್ತೇವೆ. 1995ರ ಜುಲೈ 31ರಂದು ಈ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋಯಿತು. ಆಗ ಕರೆ ಮಾಡಿದರೂ ರೊಕ್ಕ, ಕರೆ ಬಂದರೂ ರೊಕ್ಕ. ಅದೂ ಶ್ರೀಮಂತರ ಆಟಿಕೆಯೇ ಆಗಿತ್ತು. ಇವತ್ತು ತೊಗರಿ ರಾಶಿ ಮಾಡುವ ಕೂಲಿಯ ಸೊಂಟದಲ್ಲೂ ಮೊಬೈಲ್ ಇದೆ. ಮುಖದ ಯಂತ್ರವೂ ಹಾಗೆಯೇ ಇಳಿದು ಬರುತ್ತದೆ. 2023ರ ಅಕ್ಟೋಬರ್‌ನಲ್ಲೇ ಮೆಟಾ ಕಂಪನಿ ತನ್ನ 'ಕ್ವೆಸ್ಟ್ 3' ಅನ್ನು 499 ಡಾಲರ್‌ಗೆ ಮಾರಲು ಶುರು ಮಾಡಿತು. ಬೆಲೆ ಇಳಿದು ಯಂತ್ರ ನಮ್ಮ ಮನೆಗೆ ಬರುವ ಹೊತ್ತಿಗೆ ಕನ್ನಡವೂ ಜೊತೆಗೆ ಬರಬೇಕು. ಆಮೇಲೆ ಕೇಳಿದರೆ ತಡವಾಗುತ್ತದೆ.

ಎಷ್ಟು ತಡ ಅಂತೀರಾ? ಮೊದಲ ಐಫೋನ್ ಬಂದದ್ದು 2007ರಲ್ಲಿ. ಫೋನಿನ ಪೂರ್ತಿ ವ್ಯವಸ್ಥೆಗೆ ಕನ್ನಡ ಭಾಷೆಯನ್ನೇ ಆರಿಸಿಕೊಳ್ಳುವ ಅವಕಾಶ ಬಂದದ್ದು 2025ರಲ್ಲಿ, ಐಒಎಸ್ 18.4ರ ಜೊತೆಗೆ. 18 ವರ್ಷ! ಕೋಲಾರದ ನರಸಾಪುರದಲ್ಲಿ ನಮ್ಮ ಹುಡುಗ ಹುಡುಗಿಯರು ಐಫೋನ್ ಜೋಡಿಸುತ್ತಿದ್ದಾರೆ, 2025ರಲ್ಲಿ ದೇವನಹಳ್ಳಿಯಲ್ಲೂ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಹೆಬ್ಬಾಳದ ಹೆಸರಿನಲ್ಲೇ ಬೆಂಗಳೂರಿನಲ್ಲಿ ಆ್ಯಪಲ್ ಅಂಗಡಿ ತೆರೆಯಿತು. ಕೈ ನಮ್ಮದು, ಊರು ನಮ್ಮದು, ರೊಕ್ಕ ನಮ್ಮದು. ಭಾಷೆ ಮಾತ್ರ ಹದಿನೆಂಟು ವರ್ಷ ಕಾಯಬೇಕಾಯಿತು. ಆದರೂ ಬಂತಲ್ಲ. ಇಲ್ಲಿ ಗಿರಾಕಿ ಇದ್ದಾನೆ ಅಂತ ಕಂಡಾಗ ಭಾಷೆ ಬರುತ್ತದೆ. ದಯೆಯಿಂದ ಬರುವುದಿಲ್ಲ.

ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ, ಕಲಬುರಗಿಯಲ್ಲಿ ಓದುವ, ದುಡಿಯುವ ಗೆಳೆಯರಿಗೆ ನಾವು ಹೇಳುವುದಿಷ್ಟೇ.

ಒಂದು: ದುಬೈಯಿಂದ, ಸಿಂಗಪುರದಿಂದ ಯಾರೋ ತಂದುಕೊಟ್ಟ ಇಂಥ ಮಾಲಿಗೆ ಕಂತಿನ ಸಾಲ ಮಾಡಬೇಡಿ. ಕಂಪನಿ ಮಾರಾಟವನ್ನೇ ಮಾಡದ ಊರಿನಲ್ಲಿ ಅದು ಕೆಟ್ಟರೆ ರಿಪೇರಿಗೆ ಎಲ್ಲಿಗೆ ಹೋಗುತ್ತೀರಿ? ಮಾಲು ಮೂಲೆ ಸೇರುತ್ತದೆ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ.

ಎರಡು: ಏನೇ ಕೊಂಡರೂ ಮೊದಲು ಅಂಗಡಿಯಲ್ಲೇ ಹಾಕಿ ನೋಡಿ, ಬಳಸಿ ನೋಡಿ. ಆ್ಯಪಲ್ ತನ್ನ ಅಂಗಡಿಗಳಲ್ಲಿ ಅಮೆರಿಕದವರಿಗೆ ಅರ್ಧ ಗಂಟೆ ಪುಕ್ಕಟೆ ತೋರಿಸಿತು. ಇಲ್ಲಿಯ ಅಂಗಡಿಯವನಿಗೆ ಒಂದು ಫೋನನ್ನು ಹತ್ತು ನಿಮಿಷ ತೋರಿಸಲು ಏನು ಕಷ್ಟ?

ಮೂರು: ಬಿಲ್ಲು ಕೇಳಿ ಪಡೆಯಿರಿ, ಜೋಪಾನ ಇಡಿ. ಮಾಲಿನಲ್ಲಿ ದೋಷವಿದ್ದರೆ, 'ವಾಪಸ್ ಇಲ್ಲ' ಎಂಬ ಸಾಲು ತೋರಿಸಿದರೆ, 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿ, ಅಲ್ಲಿ ಕನ್ನಡ ನಡೆಯುತ್ತದೆ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಮಾಲಿಗೆ ಅಲ್ಲಿ ಶುಲ್ಕವೂ ಇಲ್ಲ.

ನಾಲ್ಕು: ಇದು ಸರ್ಕಾರಕ್ಕೆ. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು 2025ರ ಫೆಬ್ರುವರಿಯಲ್ಲಿ ಆದೇಶ ಹೊರಬಿತ್ತು. ಒಳ್ಳೆಯದು. ಆದರೆ ನಾವು ಕೊಳ್ಳುವುದೆಲ್ಲ ಇಲ್ಲೇ ತಯಾರಾಗುವುದಿಲ್ಲ. ಹೊರಗಿನಿಂದ ಬಂದು ಇಲ್ಲಿ ಮಾರಾಟವಾಗುವ ಸರಕಿಗೂ ಕನ್ನಡ ಕಡ್ಡಾಯವಾಗುವಂತೆ ಕೇಂದ್ರದ ನಿಯಮ ಬದಲಿಸಲು ರಾಜ್ಯ ಪಟ್ಟು ಹಿಡಿಯಬೇಕು. ನಮ್ಮ ಸಂಸದರು ದಿಲ್ಲಿಯಲ್ಲಿ ಬಾಯಿ ಬಿಡಬೇಕು.

ಐದು: ಇದು ನಮ್ಮ ಮುದ್ರಕ ಬಾಂಧವರಿಗೆ. ಬಿಲ್ಲಿನ ಬುಡದ ಆ ಸಾಲನ್ನು ಅಚ್ಚು ಹಾಕುವುದನ್ನು ನಿಲ್ಲಿಸೋಣ. ಒಂದೇ ಪ್ರೆಸ್ಸು ಒಲ್ಲೆ ಅಂದರೆ ಅಂಗಡಿಯವರು ಪಕ್ಕದ ಪ್ರೆಸ್ಸಿಗೆ ಹೋಗುತ್ತಾರೆ. ಎಲ್ಲರೂ ಒಲ್ಲೆ ಅಂದರೆ ಎಲ್ಲಿಗೆ ಹೋಗುತ್ತಾರೆ? ಆ ಜಾಗದಲ್ಲಿ 'ದೋಷವಿದ್ದರೆ 30 ದಿನದೊಳಗೆ ವಾಪಸ್ ತನ್ನಿ' ಅಂತ ಕನ್ನಡದಲ್ಲಿ ಹಾಕೋಣ. ಮಸಿ ಅಷ್ಟೇ ಖರ್ಚಾಗುತ್ತದೆ, ಕಾಗದವೂ ಅಷ್ಟೇ.

ಮೂರು ಲಕ್ಷದ ಮಾಲನ್ನು ಮೇಜಿನ ಮೇಲಿಟ್ಟು 'ಬೇಡ' ಅನ್ನಲು ಅವರಿಗೆ ಬಂದ ಧೈರ್ಯ, ಮೂರು ಸಾವಿರದ ಕೆಟ್ಟ ಮಿಕ್ಸರ್ ಹಿಡಿದು ಅಂಗಡಿ ಮೆಟ್ಟಿಲು ಹತ್ತುವ ನಮ್ಮ ತಾಯಂದಿರಿಗೂ ಬರಬೇಕು. ಅವರ ಜೊತೆಗೆ ಬಿಲ್ಲು ಹಿಡಿದು ನಿಲ್ಲಬೇಕಾದವರು ನೀವು. ನಿಲ್ಲಿ. ಕನ್ನಡದಲ್ಲೇ ಕೇಳಿ.