ಎಣ್ಣೆಯ ಮೇಲೆ ಈಜುವ ಚೆಂಡು

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಪುಣೆಯ ಒಂದು ಬೌಲಿಂಗ್ ಸೆಂಟರಿನಲ್ಲಿ ಕಂಪನಿಗಳ ನಡುವಿನ ಪಂದ್ಯ. ನನ್ನ ಕೈಯಲ್ಲಿ ತಿಂಗಳ ಹಿಂದೆ ಕೊಂಡ ಸ್ವಂತ ಚೆಂಡು. ಕಡುನೀಲಿ ಮೈ, ಅದರೊಳಗೆ ಬೆಳ್ಳಿಯ ಮಿಂಚು, ನೋಡಿಕೊಂಡು ತಲೆ ಬಾಚಬಹುದಾದಷ್ಟು ಹೊಳಪು. ಬೆಲೆ 18 ಸಾವಿರ ರೂಪಾಯಿ. ಮನೆಯಲ್ಲಿ ಹೇಳಿದ್ದು 9 ಸಾವಿರ.

ಇದೇ ಚೆಂಡಿನಲ್ಲಿ ಶನಿವಾರ ಸಂಜೆ ಗೆಳೆಯರ ಜೊತೆ ಆಡುವಾಗ 160, 170 ಬರುತ್ತಿತ್ತು. ಅಂದು ಮೊದಲ ಆಟ ಮುಗಿದಾಗ ಪರದೆಯ ಮೇಲೆ ನನ್ನ ಹೆಸರಿನ ಮುಂದೆ ಇದ್ದದ್ದು 109. ಎಡಕ್ಕೆ ತಿರುಗಬೇಕಾದ ಜಾಗದಲ್ಲಿ ಚೆಂಡು ತಿರುಗುತ್ತಲೇ ಇರಲಿಲ್ಲ. ನೆಟ್ಟಗೆ ಹೋಗಿ ಬಲಗಡೆಯ ಮೂರು ನಾಲ್ಕು ಪಿನ್ ಕೆಡವಿ ಹಿಂದೆ ಮಾಯವಾಗುತ್ತಿತ್ತು. ಆಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಇನ್ನೂ ಜೋರಾಗಿ ಎಸೆದೆ, ಮಣಿಕಟ್ಟನ್ನು ಇನ್ನೂ ತಿರುಚಿದೆ. ಎರಡನೇ ಆಟ 102.

ಹಿಂದಿನಿಂದ ಒಂದು ದನಿ ಬಂತು. "ತಮ್ಮಾ, ನಿನ್ನ ಚೆಂಡು ಉರುಳಲಿಕ್ಕೆ ಹತ್ತಿಲ್ಲ. ಎಣ್ಣಿ ಮ್ಯಾಲೆ ಈಜಲಿಕ್ಕೆ ಹತ್ತೇದ."

ತಿರುಗಿ ನೋಡಿದೆ. ಅರವತ್ತು ದಾಟಿದ ಹಿರಿಯರು. ಮೂವತ್ತು ವರ್ಷದಿಂದ ಪುಣೆಯಲ್ಲಿರುವ ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರು, ಮಗನ ತಂಡದ ಆಟ ನೋಡಲು ಬಂದಿದ್ದರು. "ನಾನು ಕನ್ನಡದವ ಅಂತ ಹೇಗೆ ಗೊತ್ತಾಯ್ತು ಕಾಕಾ?" ಅಂದೆ.

"ಚೆಂಡು ಗಟರಿಗೆ ಬಿದ್ದಾಗ ಮನುಷ್ಯಾ ಯಾವ ಭಾಷಾದಾಗ ಬೈತಾನ, ಅದ ಅವನ ಭಾಷಾ."

ಆ ದಿನದಿಂದ ಅವರು ನನ್ನ ಗುರು. ಅವರಿಂದ ಕಲಿತದ್ದನ್ನು, ಆಮೇಲೆ ನಾನೇ ಓದಿ, ಆಡಿ, ದುಡ್ಡು ಕಳೆದುಕೊಂಡು ತಿಳಿದದ್ದನ್ನು ಈ ಸಲ ಬರೆಯುತ್ತಿದ್ದೇನೆ. ಸ್ವಂತ ಚೆಂಡು ಕೊಳ್ಳುವ ಯೋಚನೆಯಲ್ಲಿರುವವರು ಕಾರ್ಡ್ ಹೊರತೆಗೆಯುವ ಮುಂಚೆ ಓದಿ.

ಬೌಲಿಂಗ್ ಲೇನಿಗೆ ಎಣ್ಣೆ ಹಚ್ಚುತ್ತಾರೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಮರದ ಲೇನ್ ಸವೆಯದಿರಲಿ ಎಂದು ಶುರುವಾದ ಈ ಎಣ್ಣೆ ಹಚ್ಚುವ ಕೆಲಸ, ಈಗ ಆಟದ ಕಷ್ಟ ಸುಲಭವನ್ನೇ ನಿರ್ಧರಿಸುತ್ತದೆ. ಒಂದು ಯಂತ್ರ ಲೇನಿನ ಮೇಲೆ ಓಡಾಡಿ, ಸಾಮಾನ್ಯವಾಗಿ ಮೊದಲ 40 ಅಡಿಯಷ್ಟು ಜಾಗಕ್ಕೆ ಎಣ್ಣೆ ಹಚ್ಚುತ್ತದೆ. ಕೊನೆಯ 20 ಅಡಿ ಒಣ. ಒಂದು ಲೇನಿಗೆ ಬೀಳುವ ಒಟ್ಟು ಎಣ್ಣೆ ಎಷ್ಟು ಗೊತ್ತೇ? ಐದಾರು ಟೀ ಚಮಚ, ಅಷ್ಟೆ. 20 ಮಿಲಿಲೀಟರಿನ ಆಸುಪಾಸಿನಲ್ಲಿದ್ದರೆ ಹಗುರ, 30ರ ಹತ್ತಿರ ಹೋದರೆ ಭಾರಿ. ನನ್ನ 170ಕ್ಕೂ 102ಕ್ಕೂ ನಡುವೆ ಇದ್ದದ್ದು ಹೆಚ್ಚೆಂದರೆ ಎರಡು ಚಮಚ ಎಣ್ಣೆ.

ಎಣ್ಣೆ ಇರುವಷ್ಟು ದೂರ ಚೆಂಡು ಜಾರುತ್ತದೆ. ಒಣ ಜಾಗ ಸಿಕ್ಕಾಗ ನೆಲವನ್ನು ಕಚ್ಚಿ ತಿರುಗುತ್ತದೆ. ಈ ತಿರುವಿಗೆ ಹುಕ್ ಎನ್ನುತ್ತೇವೆ. ಆಮೇಲೆ ನೆಟ್ಟಗೆ ಉರುಳಿ ಪಿನ್ನಿಗೆ ಬಡಿಯುತ್ತದೆ. ಬಲಗೈಯವರ ಒಳ್ಳೆಯ ಸ್ಟ್ರೈಕಿನಲ್ಲಿ ಚೆಂಡು ತಾನೇ ಮುಟ್ಟುವುದು ನಾಲ್ಕೇ ಪಿನ್ನುಗಳನ್ನು: 1, 3, 5 ಮತ್ತು 9. ಉಳಿದ ಆರನ್ನು ಪಿನ್ನುಗಳೇ ಒಂದಕ್ಕೊಂದು ಬಡಿದು ಕೆಡವುತ್ತವೆ. ಹಾಗಾಗಬೇಕಾದರೆ ಚೆಂಡು ಮೊದಲ ಪಿನ್ನಿಗೂ ಮೂರನೆಯದಕ್ಕೂ ನಡುವೆ ಸುಮಾರು 6 ಡಿಗ್ರಿ ಕೋನದಲ್ಲಿ ನುಗ್ಗಬೇಕು. ಎಣ್ಣೆ ಹೆಚ್ಚಾದರೆ ಚೆಂಡಿಗೆ ತಿರುಗಲು ಪುರುಸೊತ್ತೇ ಸಿಗುವುದಿಲ್ಲ, ಕೋನವೂ ಸಿಗುವುದಿಲ್ಲ. ನಾನು ಜೋರಾಗಿ ಎಸೆದಷ್ಟೂ ಆ ಪುರುಸೊತ್ತು ಇನ್ನೂ ಕಡಿಮೆಯಾಗುತ್ತಿತ್ತು.

ಪಂದ್ಯದ ನಡುವೆ ಚೆಂಡಿನ ಮೈ ಉಜ್ಜುವಂತಿಲ್ಲ, ಅದು ನಿಯಮ. ಹಾಗಾಗಿ ಕಾಕಾ ಮೂರನೇ ಆಟಕ್ಕೆ ಎರಡೇ ಮಾತು ಹೇಳಿದರು. ಮೊದಲನೆಯದು: "ಬಿರುಸು ಬಿಡು. ಚೆಂಡು ಒಗಿಬ್ಯಾಡ, ನೆಲಕ್ಕ ಇಳಿಸು." ಎರಡನೆಯದು, ನಿಲ್ಲುವ ಜಾಗವನ್ನು ಐದು ಹಲಗೆ ಬಲಕ್ಕೆ ಸರಿಸು. ಲೇನಿನ ಅಗಲದಲ್ಲಿ 39 ಹಲಗೆಗಳಿರುತ್ತವೆ. ಸಾಮಾನ್ಯ ಲೇನುಗಳಲ್ಲಿ ನಡುವೆ ಎಣ್ಣೆ ದಪ್ಪ, ಅಂಚಿನಲ್ಲಿ ತೆಳು. ಚೆಂಡು ತಿರುಗದಿದ್ದಾಗ ತೆಳು ಇರುವ ಕಡೆ ಹೋಗಬೇಕು. ಚೆಂಡು ಯಾವ ಕಡೆ ತಪ್ಪುತ್ತದೋ ಆ ಕಡೆಗೇ ಕಾಲು ಸರಿಸು ಎಂಬುದು ನೆನಪಿಡಬಹುದಾದ ಸೂತ್ರ. ಮೂರನೇ ಆಟ 148. ತಂಡ ಸೋತಿತು, ನನ್ನ ಮರ್ಯಾದೆ ಸ್ವಲ್ಪ ಉಳಿಯಿತು.

ಮುಂದಿನ ಶನಿವಾರ ಕಾಕಾ ಮನೆಗೆ ಕರೆದರು. ಚಹಾ, ಚೂಡಾ ಆದ ಮೇಲೆ ಕಪಾಟಿನಿಂದ ಸ್ಪಂಜಿನಂಥ ದುಂಡನೆಯ ಸ್ಯಾಂಡ್‌ಪೇಪರ್ ತುಂಡುಗಳನ್ನು ತೆಗೆದರು. ಅಬ್ರಲಾನ್ ಪ್ಯಾಡ್ ಎನ್ನುತ್ತಾರೆ. 500, 1000, 2000, 4000 ಎಂದು ಅವುಗಳ ಮೇಲೆ ನಂಬರ್. ನಂಬರ್ ಕಡಿಮೆ ಇದ್ದಷ್ಟೂ ಒರಟು. ಕಾಕಾ 2000 ಕೈಗೆತ್ತಿಕೊಂಡು, ನೀರು ಚಿಮುಕಿಸಿ, ನನ್ನ 18 ಸಾವಿರದ ಹೊಳಪಿನ ಮೇಲೆ ಉಜ್ಜತೊಡಗಿದರು. ಕರುಳು ಚುರುಕ್ ಎಂದಿತು.

"ಹೊಳಪು ನೋಡ್ಲಿಕ್ಕೆ ಛಂದ ಅದ. ಆದರ ಎಣ್ಣಿ ಮುಂದ ಅದರ ಆಟ ನಡಿಯಂಗಿಲ್ಲ," ಎಂದರು.

ಆಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳ ನೆನಪಾಯಿತು. ಆಷಾಢದಲ್ಲಿ ಅಂಗಳವೆಲ್ಲ ಪಾಚಿ. ಅಜ್ಜ ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಸಿಡುತ್ತಿದ್ದರು. ಅಟ್ಟೆ ಸವೆದು ನುಣುಪಾದ ಹವಾಯಿ ಚಪ್ಪಲಿ ಹಾಕಿಕೊಂಡು ಅಂಗಳಕ್ಕಿಳಿದರೆ ಬೈಗುಳ ಗ್ಯಾರಂಟಿ. ಜಾರುವ ನೆಲದಲ್ಲಿ ಬೇಕಾದದ್ದು ಒರಟು. ಚೆಂಡಿಗೂ ಅದೇ. ಒರಟು ಮೈಯ ಸಣ್ಣ ಸಣ್ಣ ಏಣುಗಳು ಎಣ್ಣೆಯ ಪೊರೆಯನ್ನು ತೂರಿ ನೆಲ ಮುಟ್ಟುತ್ತವೆ. ನುಣುಪು ಮೈ ಎಣ್ಣೆಯ ಮೇಲೆ ತೇಲಿಹೋಗುತ್ತದೆ.

ಭಾರಿ ಎಣ್ಣೆಗೆ ಚೆಂಡು ಆರಿಸುವಾಗ ಮೊದಲು ನೋಡಬೇಕಾದದ್ದು ಮೈಯ ಒರಟುತನ. ಎರಡನೆಯದು ಮೈ ಯಾವುದರಿಂದ ಆಗಿದೆ ಎಂಬುದು. ಸೆಂಟರಿನ ರ್ಯಾಕಿನಲ್ಲಿರುವ ಬಾಡಿಗೆ ಚೆಂಡುಗಳು ಪಾಲಿಯೆಸ್ಟರ್; ಅವು ಎಣ್ಣೆಯಲ್ಲಿ ತಿರುಗುವುದಿಲ್ಲ. 1980ರ ದಶಕದಲ್ಲಿ ಯುರೆಥೇನ್ ಬಂತು, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್ ಬಂತು. ರಿಯಾಕ್ಟಿವ್ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ಅವು ಎಣ್ಣೆ ಹೀರಿಕೊಳ್ಳುತ್ತವೆ. ಇದರಲ್ಲೂ ಎರಡು ಮುಖ್ಯ ಬಗೆ. ಸಾಲಿಡ್ ಮಂಕಾಗಿರುತ್ತದೆ, ಬೇಗ ನೆಲ ಕಚ್ಚುತ್ತದೆ. ಪರ್ಲ್ ಮಿಂಚುತ್ತದೆ, ತಡವಾಗಿ ತಿರುಗುತ್ತದೆ. ಎರಡನ್ನೂ ಬೆರೆಸಿದ್ದು ಹೈಬ್ರಿಡ್. ಭಾರಿ ಎಣ್ಣೆಗೆ ಸಾಲಿಡ್ ಬೇಕು. ನಾನು ಬಣ್ಣ ನೋಡಿ ಕೊಂಡದ್ದು ಪರ್ಲ್. ಉಜ್ಜಿದ ಮೇಲೆ ಸುಧಾರಿಸಿತು, ಆದರೆ ಪರ್ಲ್ ಪರ್ಲೇ.

ಮೂರನೆಯದು ಒಳಗಿನ ತಿರುಳು, ಅಂದರೆ ಕೋರ್. ಬುಗುರಿ ಆಡಿದವರಿಗೆ ಇದು ಸುಲಭ. ತೂಕ ನಡುವಿಗೆ ಹತ್ತಿರವಿದ್ದರೆ ಬೇಗ ಸುತ್ತತೊಡಗುತ್ತದೆ, ಅಂಚಿಗೆ ಹರಡಿದ್ದರೆ ನಿಧಾನ. ಇದನ್ನು ಆರ್‌ಜಿ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಮಾನ್ಯತೆ ಪಡೆದ ಚೆಂಡುಗಳಲ್ಲಿ ಅದು 2.46ರಿಂದ 2.80ರೊಳಗೆ ಇರುತ್ತದೆ. ಭಾರಿ ಎಣ್ಣೆಗೆ 2.50ರ ಆಸುಪಾಸಿನ ಕಡಿಮೆ ಅಂಕಿ ಒಳ್ಳೆಯದು. ಇನ್ನೊಂದು ಅಂಕಿ ಡಿಫರೆನ್ಷಿಯಲ್, ಗರಿಷ್ಠ 0.060. ಇದು ಹೆಚ್ಚಿದ್ದರೆ ಚೆಂಡಿನ ಸುತ್ತುವ ಅಕ್ಷ ಪ್ರತಿ ಸುತ್ತಿಗೂ ಸ್ವಲ್ಪ ಸರಿಯುತ್ತದೆ, ಎಣ್ಣೆ ಹತ್ತದ ಹೊಸ ಜಾಗ ನೆಲಕ್ಕೆ ತಾಗುತ್ತದೆ. ವಾಪಸು ಬಂದ ಚೆಂಡಿನ ಮೇಲೆ ಎಣ್ಣೆಯ ಉಂಗುರಗಳು ಬಿಡಿಬಿಡಿಯಾಗಿ ಕಂಡರೆ ಅದೇ ಇದರ ಗುರುತು. ಎಲ್ಲ ಉಂಗುರ ಒಂದರ ಮೇಲೊಂದು ಬಿದ್ದಿದ್ದರೆ ಚೆಂಡು ಎಣ್ಣೆ ಹತ್ತಿದ ಜಾಗದ ಮೇಲೇ ಮತ್ತೆ ಮತ್ತೆ ಜಾರಿದೆ ಎಂದರ್ಥ.

ಅಂಗಡಿಯವರು ಸಾಮಾನ್ಯವಾಗಿ ಕೋರಿನ ಚಿತ್ರ ತೋರಿಸಿ ಮಾತು ಶುರುಮಾಡುತ್ತಾರೆ. ಅದು ಮೂರನೇ ವಿಷಯ. ಮೊದಲು ಮೈ ನೋಡಿ. ಇನ್ನು ತೂಕ: ಕೊನೆಯ ಆಟದವರೆಗೂ ಭುಜ ಎಳೆಯದಂತೆ ಎತ್ತಬಹುದಾದಷ್ಟೇ ತೂಕ ತೆಗೆದುಕೊಳ್ಳಿ. 16 ಪೌಂಡ್ ಗರಿಷ್ಠ ಮಿತಿ. ಅದನ್ನು ಮುಟ್ಟಲೇಬೇಕು ಎಂದೇನಿಲ್ಲ. ರಂಧ್ರಗಳನ್ನು ನಿಮ್ಮ ಬೆರಳಿನ ಅಳತೆಗೇ ಕೊರೆಸಿ. ಕೊರೆಯುವವರಿಗೆ ನೀವು ಎಂಥ ಲೇನಿನಲ್ಲಿ ಆಡುತ್ತೀರಿ ಎಂದು ಮೊದಲೇ ಹೇಳಿ. ರಂಧ್ರ ಎಲ್ಲಿ ಬೀಳುತ್ತದೆ ಎಂಬುದರ ಮೇಲೂ ಚೆಂಡಿನ ನಡೆ ಬದಲಾಗುತ್ತದೆ.

ಭಾರಿ ಎಣ್ಣೆ ಎಂದರೆ ಎರಡು ಅರ್ಥ: ಎಣ್ಣೆ ದಪ್ಪ ಇರಬಹುದು, ಅಥವಾ ಬಹಳ ದೂರದವರೆಗೆ ಹಚ್ಚಿರಬಹುದು. ಉದ್ದದ ವಿಚಾರದಲ್ಲಿ ಆಟಗಾರರು ಬಳಸುವ ಒಂದು ಲೆಕ್ಕವಿದೆ. ಎಣ್ಣೆಯ ಉದ್ದದಿಂದ 31 ಕಳೆಯಿರಿ. ಉಳಿದದ್ದು ಚೆಂಡು ತಿರುಗಲು ಶುರುವಾಗಬೇಕಾದ ಹಲಗೆ. 35 ಅಡಿಗೆ 4ನೇ ಹಲಗೆ, ಅಂದರೆ ಗಟರಿನ ಅಂಚು. ಅಮೆರಿಕದ ವೃತ್ತಿಪರರ ಶಾರ್ಕ್ ಎಂಬ ಮಾದರಿ 48 ಅಡಿ. ಅದಕ್ಕೆ 17ನೇ ಹಲಗೆ. ಸ್ಟ್ರೈಕಿನ ಜಾಗವೇ 17ರ ಪಕ್ಕದಲ್ಲಿದೆ! ಅಂದರೆ ಉದ್ದದ ಎಣ್ಣೆಯಲ್ಲಿ ದೊಡ್ಡ ತಿರುವಿನ ಆಸೆಯನ್ನೇ ಬಿಡಬೇಕು. ಅಂಚಿಗೆ ಹೋದ ಚೆಂಡು ವಾಪಸು ಬರುವುದಿಲ್ಲ. ನಿಧಾನವಾಗಿ, ಹೆಚ್ಚು ಸುತ್ತು ಕೊಟ್ಟು, ನಡುವಿನ ಹತ್ತಿರವೇ ಸ್ವಲ್ಪ ತಿರುವಿನಲ್ಲಿ ಆಡಬೇಕು.

ಈ ಗುಟ್ಟು ಕಾಕಾಗೆ ದೇಹದಿಂದಲೇ ಗೊತ್ತಿತ್ತು. ಅವರ ಮಣಿಕಟ್ಟಿನಲ್ಲಿ ಈಗ ಕಸುವಿಲ್ಲ. ಹುಡುಗರಂತೆ ತಿರುಚಿ ಎಸೆಯಲಾರರು. ಮಂಕು ಬೂದಿ ಬಣ್ಣದ ಸಾಲಿಡ್ ಚೆಂಡನ್ನು ಸಾವಕಾಶ ಇಳಿಸುತ್ತಾರೆ. ಅದು ಜೋಡೆತ್ತಿನ ಗಾಡಿಯಂತೆ ಹೋಗಿ ಪಾಕೆಟ್ಟಿಗೆ ಮುಟ್ಟುತ್ತದೆ. ಒಣ ಲೇನಿನಲ್ಲಿ ನಾನು ಅವರನ್ನು ಸೋಲಿಸುತ್ತೇನೆ. ಹೊಸ ಎಣ್ಣೆ ಬಿದ್ದ ಬೆಳಿಗ್ಗೆ ಇಂದಿಗೂ ಸೋಲಿಸಲಾಗಿಲ್ಲ.

ಇನ್ನು ಎಚ್ಚರಿಕೆಯ ಮಾತು. ಎಣ್ಣೆ ಒಂದೇ ಸಮ ಇರುವುದಿಲ್ಲ. ಆಡುತ್ತಾ ಆಡುತ್ತಾ ಚೆಂಡುಗಳು ಅದನ್ನು ಹೀರಿಕೊಂಡು ಹೋಗುತ್ತವೆ. ಮೊದಲ ಆಟದಲ್ಲಿ ಚಿನ್ನದಂತಿದ್ದ ಒರಟು ಚೆಂಡು ಮೂರನೇ ಆಟಕ್ಕೆ ಬೇಗ ತಿರುಗಿ, ಪಿನ್ ಮುಟ್ಟುವ ಹೊತ್ತಿಗೆ ಸತ್ತಂತಾಗುತ್ತದೆ. ಆಗ ಎಡಕ್ಕೆ ಸರಿಯಬೇಕು, ಇಲ್ಲವೇ ನುಣುಪು ಚೆಂಡಿಗೆ ಬದಲಾಯಿಸಬೇಕು. ನನ್ನ ನೀಲಿ ಪರ್ಲಿಗೆ ಕೆಲಸ ಸಿಕ್ಕಿದ್ದು ಹೀಗೆ. ಒಂಟಿ ಪಿನ್ ಹೊಡೆಯಲು ಮಾತ್ರ ನೆಟ್ಟಗೆ ಹೋಗುವ ಪಾಲಿಯೆಸ್ಟರ್ ಚೆಂಡೇ ಸರಿ.

ಆರೈಕೆಯೂ ಬೇಕು. ಪ್ರತಿ ಎಸೆತಕ್ಕೂ ಮುಂಚೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಆಟ ಮುಗಿದ ಕೂಡಲೇ, ಮೈ ಬೆಚ್ಚಗಿರುವಾಗಲೇ, ಕ್ಲೀನರ್ ಹಾಕಿ ತೊಳೆಯಿರಿ. ಉಜ್ಜಿದ ಒರಟು ಕೆಲವೇ ಆಟಗಳಲ್ಲಿ ಸವೆದು ನುಣುಪಾಗುತ್ತದೆ, ಆಗಾಗ ಮತ್ತೆ ಉಜ್ಜಬೇಕು. ಚೆಂಡನ್ನು ಕಾರಿನ ಡಿಕ್ಕಿಯಲ್ಲಿ ಮರೆಯಬೇಡಿ. ಹೈದರಾಬಾದಿನ, ದೆಹಲಿಯ ಮೇ ತಿಂಗಳ ಬಿಸಿಗೆ ಬಿರುಕು ಬಿಡಬಹುದು.

ಕೊನೆಗೆ ಕಾಕಾ ಕೇಳಿದ ಪ್ರಶ್ನೆಯನ್ನೇ ನಿಮಗೂ ಕೇಳುತ್ತೇನೆ: "ನೀ ಆಡೂ ಲೇನಿನಾಗ ಎಣ್ಣಿ ಎಷ್ಟದ?" ನಾನು ಆಡಿದ ಮಾಲ್‌ಗಳಲ್ಲಿ ವಾರಾಂತ್ಯದ ಸಂಜೆ ಲೇನುಗಳು ಬಹುತೇಕ ಒಣಗಿರುತ್ತವೆ. ಅಲ್ಲಿ ಭಾರಿ ಎಣ್ಣೆಯ ಚೆಂಡು ಎಸೆದರೆ ಅರ್ಧ ದಾರಿಯಲ್ಲೇ ತಿರುಗಿ ಎಡಗಡೆ ಗಟರಿಗೆ ಬೀಳುತ್ತದೆ. ಸೆಂಟರಿನ ಮೆಕ್ಯಾನಿಕ್ ಹತ್ತಿರ ಹೋಗಿ ಎಷ್ಟು ಅಡಿ, ಎಷ್ಟು ಮಿಲಿ, ಯಾವಾಗ ಹಚ್ಚುತ್ತೀರಿ ಎಂದು ಕೇಳಿ. ಸಂತೋಷದಿಂದ ಹೇಳುತ್ತಾರೆ, ಅವರನ್ನು ಯಾರೂ ಕೇಳುವುದೇ ಇಲ್ಲ. ಪಂದ್ಯ ಆಡುವವರಲ್ಲದಿದ್ದರೆ ನಿಮಗೆ ಈ ಚೆಂಡು ಬೇಡ. 18 ಸಾವಿರ ಉಳಿಯಿತು.

ನನಗೆ ಬೇಕಾಗಿತ್ತು. ಕಾಕಾ ಪರಿಚಯದವರೊಬ್ಬರಿಂದ ಹಳೆಯ ಸಾಲಿಡ್ ಒಂದನ್ನು 6 ಸಾವಿರಕ್ಕೆ ಕೊಡಿಸಿದರು. ಹಳೆಯ ರಂಧ್ರ ಮುಚ್ಚಿಸಿ, ನನ್ನ ಅಳತೆಗೆ ಕೊರೆಸಿ, 1000ದ ಪ್ಯಾಡಿನಲ್ಲಿ ಉಜ್ಜಿಸಿದೆ. ಮಸಿ ಹಿಡಿದ ಹಂಡೆಯಂತಿದೆ. ಈ ವರ್ಷದ ಪಂದ್ಯದಲ್ಲಿ ಮೂರು ಆಟಕ್ಕೆ 171, 158, 166 ಬಂತು.

ಅದನ್ನು ಮನೆಗೆ ತಂದ ದಿನ ಹೆಂಡತಿ ನೋಡಿ, "ಇದಕ್ಕೆ ಎಷ್ಟು ಕೊಟ್ರಿ?" ಎಂದಳು. 6 ಸಾವಿರ ಎಂದೆ. ಆ ಧೈರ್ಯದಲ್ಲೇ ಹಳೆಯದರ ನಿಜವಾದ ಬೆಲೆಯನ್ನೂ ಹೇಳಿಬಿಟ್ಟೆ.

"ಅದು ಬಿಲ್ ಬಂದ ದಿನಾನೇ ಗೊತ್ತು. ನೀವು ಯಾವಾಗ ಹೇಳ್ತೀರಿ ಅಂತ ಕಾಯ್ತಿದ್ದೆ," ಎಂದಳು.