ಕೊಂಡ ಫೋನು ನಮ್ಮದಾದರೆ ರಿಪೇರಿಯ ಹಕ್ಕೂ ನಮ್ಮದೇ

2007ರ ಆಗಸ್ಟ್ ತಿಂಗಳಲ್ಲಿ ನೋಕಿಯಾ ಕಂಪನಿ ಒಂದು ಎಚ್ಚರಿಕೆ ಹೊರಡಿಸಿತು. ಬಿಎಲ್-5ಸಿ ಎಂಬ ಬ್ಯಾಟರಿ ಆಗ ಮನೆಮನೆಯಲ್ಲೂ ಇತ್ತು. ಅವುಗಳಲ್ಲಿ ಜಪಾನಿನ ಮತ್ಸುಶಿತಾ ಕಂಪನಿ ಒಂದು ಅವಧಿಯಲ್ಲಿ ತಯಾರಿಸಿದ 4.6 ಕೋಟಿ ಬ್ಯಾಟರಿಗಳು ಚಾರ್ಜಿಗೆ ಹಾಕಿದಾಗ ವಿಪರೀತ ಬಿಸಿಯಾಗಬಹುದು ಎಂಬುದು ಅದರ ಸಾರ. ಜನ ಗಾಬರಿಯಾದರು. ಆದರೆ ಮಾಡಬೇಕಾದದ್ದು ಸುಲಭವಾಗಿತ್ತು. ಫೋನಿನ ಹಿಂದಿನ ಮುಚ್ಚಳ ಸರಿಸಿ, ಬ್ಯಾಟರಿ ಹೊರಗೆಳೆದು, ಅದರ ಮೇಲಿನ ನಂಬರ್ ನೋಡಬೇಕು. ದೋಷದ ಪಟ್ಟಿಯಲ್ಲಿದ್ದರೆ ಬೇರೆ ಬ್ಯಾಟರಿ ಪಡೆಯಬೇಕು. ಫೋನು ನಮ್ಮ ಕೈಯಲ್ಲೇ ಉಳಿಯಿತು.

2016ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿಕೊಳ್ಳತೊಡಗಿದವು. ದೋಷ ಆಗಲೂ ಬ್ಯಾಟರಿಯದೇ. ಆದರೆ ಈ ಬ್ಯಾಟರಿಯನ್ನು ಫೋನಿನೊಳಗೆ ಕೂರಿಸಿ, ಗಾಜಿನ ಬೆನ್ನನ್ನು ಅಂಟಿನಿಂದ ಮುಚ್ಚಲಾಗಿತ್ತು. ಬ್ಯಾಟರಿಯೊಂದನ್ನೇ ವಾಪಸ್ ಮಾಡಿ ಎಂದು ಹೇಳುವ ಹಾಗಿರಲಿಲ್ಲ. ಲಕ್ಷಗಟ್ಟಲೆ ಫೋನುಗಳನ್ನು ಇಡಿಯಾಗಿ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಬದಲಿಗೆ ಕೊಟ್ಟ ಫೋನುಗಳಲ್ಲೂ ಬೆಂಕಿ ಕಾಣಿಸಿಕೊಂಡಾಗ ಆ ಮಾದರಿಯನ್ನೇ ನಿಲ್ಲಿಸಬೇಕಾಯಿತು.

ಈ ಒಂಬತ್ತು ವರ್ಷಗಳಲ್ಲಿ ನಮ್ಮ ಕೈಯಲ್ಲಿದ್ದ ಒಂದು ಅಧಿಕಾರ ಸದ್ದಿಲ್ಲದೆ ಜಾರಿಹೋಗಿದೆ. ಕೊಂಡ ವಸ್ತುವನ್ನು ಬಿಚ್ಚುವ, ಕೆಟ್ಟ ಭಾಗವನ್ನು ಬದಲಿಸುವ, ನಮಗೆ ಬೇಕಾದವರ ಕೈಯಲ್ಲಿ ಸರಿಮಾಡಿಸಿಕೊಳ್ಳುವ ಅಧಿಕಾರ ಅದು. ಯಾವ ಸರ್ಕಾರವೂ ಅದನ್ನು ಕಾನೂನು ಮಾಡಿ ಕಿತ್ತುಕೊಳ್ಳಲಿಲ್ಲ. ಕಂಪನಿಗಳು ಅಂಟಿನಿಂದ, ವಿಚಿತ್ರ ತಲೆಯ ಸ್ಕ್ರೂಗಳಿಂದ, ಕೊನೆಗೆ ಸಾಫ್ಟ್‌ವೇರಿನಿಂದ ಕಿತ್ತುಕೊಂಡವು. ಅದನ್ನು ಕಾನೂನಿನ ಮೂಲಕವೇ ವಾಪಸ್ ಪಡೆಯಬೇಕು ಎಂಬುದು ನನ್ನ ವಾದ. ಸಮಿತಿ, ಪೋರ್ಟಲ್‌ಗಳಿಂದ ಇದು ಆಗುವ ಕೆಲಸವಲ್ಲ.

ಇದು ದುಬಾರಿ ಫೋನಿನವರ ಗೋಳು ಎಂದು ತಳ್ಳಿಹಾಕುವವರಿದ್ದಾರೆ. ಅವರು ಒಮ್ಮೆ ಹಳ್ಳಿಯ ಕಡೆ ನೋಡಲಿ. ಅಂಗನವಾಡಿ ಕಾರ್ಯಕರ್ತೆ ಮಕ್ಕಳ ತೂಕ, ಎತ್ತರ, ಹಾಜರಾತಿಯನ್ನು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತುಂಬುವುದು ಫೋನಿನಲ್ಲೇ. ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಾತಿ 2023ರ ಜನವರಿಯಿಂದ ಆ್ಯಪ್‌ನಲ್ಲಿ, ಫೋಟೊ ಸಮೇತ. ಬ್ಯಾಂಕಿನ ಒಟಿಪಿ ಬರುವುದು, ಆಧಾರ್ ಕೆಲಸ ನಡೆಯುವುದು, ತರಕಾರಿ ಗಾಡಿಯವನಿಗೆ ದಿನದ ವ್ಯಾಪಾರದ ಹಣ ಸೇರುವುದು ಎಲ್ಲವೂ ಅದರಲ್ಲೇ. ಇವರ ಕೈಯಲ್ಲಿರುವುದು ಹತ್ತು ಹನ್ನೆರಡು ಸಾವಿರದ ಫೋನು, ಬಹಳ ಸಲ ಕಂತಿನಲ್ಲಿ ಕೊಂಡದ್ದು. ಅದು ಬಿದ್ದು ಗಾಜು ಒಡೆದರೆ ಕಂಪನಿಯ ಸರ್ವಿಸ್ ಸೆಂಟರ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಅಲ್ಲಿಗೆ ಹೋಗಿಬರಲು ಒಂದು ದಿನದ ಕೂಲಿ ಹೋಯಿತು. ‘ಪಾರ್ಟ್ ಬಂದಿಲ್ಲ, ಮುಂದಿನ ವಾರ ಬನ್ನಿ’ ಎಂದರೆ ಇನ್ನೊಂದು ದಿನದ ಕೂಲಿಯೂ ಹೋಯಿತು. ಡಿಸ್‌ಪ್ಲೇ ಬದಲಿಸಲು ಕೊಡುವ ಎಸ್ಟಿಮೇಟ್ ಎಷ್ಟೋ ಸಲ ಫೋನಿನ ಅರ್ಧ ಬೆಲೆಯ ಹತ್ತಿರ ಬಂದಿರುತ್ತದೆ. ಅದನ್ನು ಓದಿ ಹೇಳಿದವರೇ ‘ಇದಕ್ಕಿಂತ ಹೊಸದೇ ವಾಸಿ’ ಎಂದು ಸಲಹೆ ಕೊಡುತ್ತಾರೆ. ನನ್ನ ಹಳೆಯ ಫೋನಿಗೂ ಸಿಕ್ಕಿದ್ದು ಇದೇ ಸಲಹೆ. ಕೆಟ್ಟಿದ್ದು ಚಾರ್ಜಿಂಗ್ ಪಿನ್ ಮಾತ್ರ. ಕೌಂಟರಿನಲ್ಲಿದ್ದವರು ಬೋರ್ಡನ್ನೇ ಬದಲಿಸಬೇಕೆಂದರು. ನಮ್ಮ ಬಸ್ ಸ್ಟ್ಯಾಂಡಿನ ಎದುರಿನ ಸಣ್ಣ ಅಂಗಡಿಯ ಹುಡುಗ ಪಿನ್ನನ್ನಷ್ಟೇ ಬದಲಿಸಿದ. ಫೋನು ಇವತ್ತಿಗೂ ಕೆಲಸ ಮಾಡುತ್ತಿದೆ.

ಆ ಹುಡುಗ ಬ್ಯಾಟರಿ ಬದಲಿಸುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಬಿಸಿ ಮಣೆಯ ಮೇಲೆ ಫೋನಿಟ್ಟು ಅಂಟು ಮೆತ್ತಗಾಗುವವರೆಗೆ ಕಾಯುತ್ತಾನೆ. ರಬ್ಬರ್ ಬಟ್ಟಲನ್ನು ಬೆನ್ನಿಗೆ ಅಂಟಿಸಿ ಕೂದಲೆಳೆಯಷ್ಟು ಎತ್ತುತ್ತಾನೆ. ಆ ಸಂದಿಗೆ ತೆಳು ಪ್ಲಾಸ್ಟಿಕ್ ಕಾರ್ಡ್ ತೂರಿಸಿ ನಾಲ್ಕೂ ಅಂಚು ಬಿಡಿಸುತ್ತಾನೆ. ಸ್ವಲ್ಪ ಹೆಚ್ಚು ಒತ್ತಿದರೆ ಗಾಜು ಚೂರು. ಒಳಗೆ ಬ್ಯಾಟರಿಯೂ ಅಂಟಿಕೊಂಡೇ ಇರುತ್ತದೆ. ಅಂಚಿಗೆ ಎರಡು ಹನಿ ಐಪಿಎ ಎಂಬ ಆಲ್ಕೋಹಾಲ್ ದ್ರಾವಕ ಬಿಟ್ಟು, ಅದು ಅಂಟನ್ನು ಕರಗಿಸುವವರೆಗೆ ಮತ್ತೆ ಕಾಯುತ್ತಾನೆ. ಬ್ಯಾಟರಿ ಬಾಗಿದರೆ, ಚುಚ್ಚಿದರೆ ಬೆಂಕಿ ಎಂದು ಅವನಿಗೆ ಚೆನ್ನಾಗಿ ಗೊತ್ತು. ‘ಹೊಸದು ಹಾಕೋದು ಐದು ನಿಮಿಷ ಸಾರ್, ಬಿಚ್ಚೋದೇ ಕಷ್ಟ’ ಎಂದ. ಬ್ಯಾಟರಿ ಒರಿಜಿನಲ್ಲೇನಪ್ಪಾ ಎಂದು ಕೇಳಿದೆ. ‘ಎದೆ ಮುಟ್ಟಿ ಹೇಳಕ್ಕಾಗಲ್ಲ ಸಾರ್. ಕಂಪನಿಯೋರು ನಮಗೆ ಕೊಟ್ರೆ ತಾನೇ?’ ಎಂದ.

ಇಡೀ ವಿವಾದದ ತಿರುಳು ಅವನ ಈ ಮಾತಿನಲ್ಲಿದೆ. ಬೀದಿ ಬದಿಯ ಅಂಗಡಿಯವರು ಡೂಪ್ಲಿಕೇಟ್ ಹಾಕುತ್ತಾರೆ, ಅವರನ್ನು ನಂಬಬೇಡಿ ಎಂದು ಕಂಪನಿಗಳು ಹೇಳುತ್ತವೆ. ಒರಿಜಿನಲ್ ಬಿಡಿಭಾಗವನ್ನು ಅವರಿಗೆ ಮಾರದೇ ಇರುವುದೂ ಅವೇ ಕಂಪನಿಗಳು. ಬೆಂಗಳೂರಿನ ಎಸ್.ಪಿ. ರೋಡಿನಿಂದ ಹಿಡಿದು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನವರೆಗೆ ಈ ಕಸುಬನ್ನೇ ನಂಬಿಕೊಂಡ ಸಾವಿರಾರು ಕೈಗಳಿವೆ. ಸೂಕ್ಷ್ಮದರ್ಶಕದ ಕೆಳಗೆ ಐಸಿ ಚಿಪ್ ಕಿತ್ತು ಮತ್ತೆ ಕೂರಿಸುವಷ್ಟು ಪಳಗಿದ ಕೈಗಳು. ಅವರಿಗೆ ಕೈಪಿಡಿ ಇಲ್ಲ, ನಕ್ಷೆ ಇಲ್ಲ, ಅಸಲಿ ಸಾಮಾನಿಲ್ಲ. ಇಷ್ಟೆಲ್ಲ ಇಲ್ಲದೆಯೂ ನಮ್ಮ ಫೋನುಗಳನ್ನು ಬದುಕಿಸುತ್ತಿರುವವರನ್ನು ಕಳ್ಳರಂತೆ ಕಾಣುವುದು ಅನ್ಯಾಯ.

ಅಂಟು, ಸ್ಕ್ರೂಗಳನ್ನು ಜಾಣ ಕೈ ಗೆಲ್ಲುತ್ತದೆ. ಸಾಫ್ಟ್‌ವೇರಿನ ಬೀಗವನ್ನು ಗೆಲ್ಲುವುದು ಕಷ್ಟ. ಇವತ್ತು ಕೆಲವು ಫೋನುಗಳ ಡಿಸ್‌ಪ್ಲೇ, ಕ್ಯಾಮೆರಾ, ಬ್ಯಾಟರಿಗಳಿಗೆ ಒಂದೊಂದು ಗುರುತಿನ ಸಂಖ್ಯೆ ಕೊಟ್ಟು ಅದನ್ನು ಮದರ್‌ಬೋರ್ಡಿನ ಜೊತೆ ಗಂಟು ಹಾಕಿರುತ್ತಾರೆ. ಒಂದೇ ಮಾದರಿಯ ಎರಡು ಹೊಸ ಫೋನು ತಂದು ಡಿಸ್‌ಪ್ಲೇ ಅದಲು ಬದಲು ಮಾಡಿದರೂ ಕೆಲವು ಸೌಲಭ್ಯಗಳು ನಿಂತುಹೋಗುತ್ತಿದ್ದವು. ಭಾಗ ಅಸಲಿಯೇ, ಕೂರಿಸಿದ ಕೈ ಮಾತ್ರ ಕಂಪನಿಯದಲ್ಲ ಎಂಬುದಷ್ಟೇ ಕಾರಣ. 2021ರಲ್ಲಿ ಬಂದ ಐಫೋನ್ 13ರಲ್ಲಿ ಹೊರಗಿನವರು ಡಿಸ್‌ಪ್ಲೇ ಬದಲಿಸಿದರೆ ಮುಖ ಗುರುತಿಸುವ ಫೇಸ್ ಐಡಿಯೇ ಕೆಲಸ ನಿಲ್ಲಿಸುತ್ತಿತ್ತು. ಗದ್ದಲ ಎದ್ದ ಮೇಲೆ ಆಪಲ್ ಒಂದು ಅಪ್‌ಡೇಟ್‌ನಲ್ಲಿ ಸರಿಪಡಿಸಿತು. ಅಪ್‌ಡೇಟ್‌ನಿಂದ ಸರಿಹೋಗುವಂಥದ್ದು ತಾಂತ್ರಿಕ ಅನಿವಾರ್ಯ ಆಗಿರಲಿಲ್ಲ ಎಂದೇ ಅರ್ಥ. ಅದಕ್ಕೂ ಮೊದಲು ‘ಎರರ್ 53’ ಬಂದಿತ್ತು. ಹೊರಗೆ ರಿಪೇರಿ ಮಾಡಿಸಿದ ಐಫೋನ್‌ಗಳು ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಸತ್ತೇಹೋದವು. ಆಸ್ಟ್ರೇಲಿಯಾದ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2018ರಲ್ಲಿ ಆಪಲ್‌ಗೆ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಹೊರಗೆ ರಿಪೇರಿ ಮಾಡಿಸಿದ್ದಕ್ಕಾಗಿ ಗ್ರಾಹಕನ ಹಕ್ಕು ರದ್ದಾಗುವುದಿಲ್ಲ ಎಂಬ ನಿಲುವು ಅಲ್ಲಿ ಗೆದ್ದಿತು.

2017ರ ಡಿಸೆಂಬರಿನ ಪ್ರಕರಣವನ್ನೂ ಮರೆಯಬಾರದು. ಬ್ಯಾಟರಿ ಹಳತಾದ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸುತ್ತಿದ್ದೇವೆ ಎಂದು ಆಪಲ್ ಆಗ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆಫ್ ಆಗುವುದನ್ನು ತಡೆಯಲು ಹಾಗೆ ಮಾಡಿದೆವು ಎಂಬುದು ಅದರ ಸಮಜಾಯಿಷಿ. ಇರಬಹುದು. ಆದರೆ ಆ ಮಾತನ್ನು ಮೊದಲೇ ಯಾಕೆ ಹೇಳಲಿಲ್ಲ? ಫೋನು ನಿಧಾನವಾಯಿತು ಎಂದು ಹೊಸದಕ್ಕೆ ದುಡ್ಡು ಸುರಿದ ಎಷ್ಟೋ ಮಂದಿಗೆ ನಿಜವಾಗಿ ಬೇಕಾಗಿದ್ದುದು ಒಂದು ಹೊಸ ಬ್ಯಾಟರಿ. ಫ್ರಾನ್ಸ್ ಸರ್ಕಾರ 2020ರಲ್ಲಿ ಎರಡೂವರೆ ಕೋಟಿ ಯೂರೊ ದಂಡ ಹಾಕಿದ್ದು ಗ್ರಾಹಕರಿಗೆ ಹೇಳದೇ ಇದ್ದ ಈ ತಪ್ಪಿಗೇ. ಲಿಥಿಯಂ ಬ್ಯಾಟರಿ ಸವೆಯುವ ವಸ್ತು. ಬಳಸಿದಂತೆಲ್ಲ ಅದರ ಕಸುವು ಕುಗ್ಗುತ್ತದೆ, ಇದನ್ನು ಯಾರೂ ತಪ್ಪಿಸಲಾರರು. ಮಿಕ್ಸಿಯ ಬ್ಲೇಡು ಸವೆಯಿತೆಂದು ಯಾವ ಮನೆಯಲ್ಲೂ ಮಿಕ್ಸಿಯನ್ನು ಗುಜರಿಗೆ ಹಾಕುವುದಿಲ್ಲ. ಸವೆದೇ ಸವೆಯುತ್ತದೆ ಎಂದು ಗೊತ್ತಿರುವ ಭಾಗವನ್ನು ಕೈಗೆ ಎಟುಕದ ಹಾಗೆ ಅಂಟಿಸಿಡುವುದನ್ನು ಒಳ್ಳೆಯ ವಿನ್ಯಾಸ ಎಂದು ನಾನು ಒಪ್ಪಲಾರೆ.

ಕಂಪನಿಗಳ ಉತ್ತರಗಳೂ ಇವೆ, ಅವನ್ನು ಕೇಳೋಣ. ಅಂಟು ಹಾಕದಿದ್ದರೆ ನೀರು ಒಳಗೆ ಹೋಗುತ್ತದೆ ಎನ್ನುತ್ತಾರೆ. 2014ರಲ್ಲಿ ಬಂದ ಗ್ಯಾಲಕ್ಸಿ ಎಸ್5 ಫೋನಿನ ಬೆನ್ನನ್ನು ಉಗುರಿನಿಂದ ಎತ್ತಿ ಬ್ಯಾಟರಿ ತೆಗೆಯಬಹುದಾಗಿತ್ತು. ಅದಕ್ಕೆ ನೀರು ತಡೆಯುವ ಐಪಿ67 ದರ್ಜೆಯೂ ಇತ್ತು. ಇನ್ನೊಂದು ಉತ್ತರ ಸುರಕ್ಷತೆ. ಹೊರಗಿನವರು ಮುಟ್ಟಿದರೆ ಬ್ಯಾಟರಿ ಹೊತ್ತಿಕೊಳ್ಳುತ್ತದಂತೆ. ಭಯ ಸುಳ್ಳಲ್ಲ. ಆದರೆ ನೋಟ್ 7ರ ಬ್ಯಾಟರಿಗಳನ್ನು ಯಾವ ಬೀದಿಯ ಹುಡುಗನೂ ಮುಟ್ಟಿರಲಿಲ್ಲ. ಅಪಾಯ ಕಡಿಮೆ ಮಾಡುವ ದಾರಿ ಎಂದರೆ ಅಸಲಿ ಬ್ಯಾಟರಿ ಮಾರುವುದು, ಬಿಚ್ಚುವ ಕ್ರಮ ತಿಳಿಸುವುದು, ತರಬೇತಿ ಕೊಡುವುದು. ಕಳ್ಳತನದ ವಾದ ಮಾತ್ರ ತೂಕದ್ದು. ಬಿಡಿಭಾಗಗಳಿಗೆ ಬೀಗ ಇಲ್ಲದಿದ್ದರೆ ಕದ್ದ ಫೋನನ್ನು ಕತ್ತರಿಸಿ ಮಾರುತ್ತಾರೆ ಎಂಬುದು ನಿಜ. ಹಾಗಿದ್ದರೆ ಕದ್ದದ್ದೆಂದು ದೂರು ದಾಖಲಾದ ಫೋನಿನ ಭಾಗಗಳಿಗಷ್ಟೇ ಬೀಗ ಹಾಕಲಿ. ಕದ್ದ ಫೋನಿನ ಐಎಂಇಐ ಸಂಖ್ಯೆಯನ್ನು ತಡೆಹಿಡಿಯುವ ವ್ಯವಸ್ಥೆ ನಮ್ಮ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್ಲಿನಲ್ಲಿ ಇದೆಯಲ್ಲ. ಕಳ್ಳನ ಹೆಸರಿನಲ್ಲಿ ಮಾಲೀಕನ ಕೈ ಕಟ್ಟುವುದು ನ್ಯಾಯವಲ್ಲ.

ಇನ್ನು ನಮ್ಮ ಸರ್ಕಾರದ ಮಾತು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನಗಳನ್ನು ಆರಿಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 24ರಂದು ಪೋರ್ಟಲ್ ಉದ್ಘಾಟನೆಯಾಯಿತು. ಕಂಪನಿಗಳ ಸರ್ವಿಸ್ ಸೆಂಟರ್‌ಗಳ ವಿವರ, ವಾರಂಟಿ ವಿವರ ಅದರಲ್ಲಿ ಸಿಗುತ್ತವೆ. 2024ರಲ್ಲಿ ಇನ್ನೊಂದು ಸಮಿತಿಯಾಗಿ, 2025ರ ಮೇ ತಿಂಗಳಲ್ಲಿ ವರದಿ ಬಂತು. ಫೋನನ್ನು ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ, ಅಪ್‌ಡೇಟ್ ಎಷ್ಟು ಕಾಲ ಎಂದು ಅಳೆದು ಅಂಕ ಕೊಡಬೇಕೆಂದು ಅದು ಹೇಳಿದೆ. ಒಳ್ಳೆಯದೇ. ಆದರೆ ಅಂಕ ಕೊಡುವುದು ಗ್ರಾಹಕನಿಗೆ ಮಾಹಿತಿ ಕೊಟ್ಟಂತೆ, ಹಕ್ಕು ಕೊಟ್ಟಂತಲ್ಲ. ಬಸ್ ಸ್ಟ್ಯಾಂಡಿನ ಹುಡುಗ ಅಸಲಿ ಬ್ಯಾಟರಿ ಕೇಳಿದರೆ ಕೊಡಲೇಬೇಕು ಎಂದು ಕಂಪನಿಯನ್ನು ಕಟ್ಟಿಹಾಕುವ ಒಂದು ಸಾಲೂ ಪೋರ್ಟಲ್‌ನಲ್ಲಿಲ್ಲ.

ಕಟ್ಟಿಹಾಕಲು ಸಾಧ್ಯವೇ ಇಲ್ಲ ಎನ್ನುವಂತಿಲ್ಲ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಬಿಡಿಭಾಗ, ರಿಪೇರಿ ಕೈಪಿಡಿ, ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಅವುಗಳ ಮೇಲಿನ ಆರೋಪ. ಕಂಪನಿಗಳು ಮೇಲ್ಮನವಿಗೆ ಹೋದವು, ವ್ಯಾಜ್ಯ ಎಳೆದಾಡಿತು. ಆದರೂ ಹಾಗೆ ತಡೆಯುವುದು ತಪ್ಪು ಎಂದು ಆಯೋಗ ಅಂದು ಹೇಳಿದ ಮಾತು ಇಂದಿನ ಫೋನಿಗೆ ಅಕ್ಷರಶಃ ಹೊಂದುತ್ತದೆ. ಕಾರಿನಷ್ಟೇ ಖಚಿತವಾಗಿ ಫೋನೂ ಕೊಂಡವನ ಸೊತ್ತು.

ಹೊರಗಡೆ ಏನಾಗಿದೆ ನೋಡಿ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಯಲ್ಲಿದೆ. ಮಾದರಿಯೊಂದರ ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು, ಕೇಳಿದ 5ರಿಂದ 10 ಕೆಲಸದ ದಿನಗಳೊಳಗೆ ತಲುಪಬೇಕು. ಸಾಫ್ಟ್‌ವೇರ್ ಅಪ್‌ಡೇಟ್ ಕನಿಷ್ಠ ಐದು ವರ್ಷ ಕೊಡಬೇಕು. ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಬಿಡಿಭಾಗಗಳಿಗೆ ಸಾಫ್ಟ್‌ವೇರ್ ಬೀಗ ಹಾಕುವುದನ್ನು ಅಮೆರಿಕದ ಆರೆಗಾನ್ ರಾಜ್ಯ 2024ರ ಕಾನೂನಿನಲ್ಲಿ ನಿಷೇಧಿಸಿತು. ಆಪಲ್, ಸ್ಯಾಮ್‌ಸಂಗ್ ಎರಡೂ 2022ರಲ್ಲೇ ಅಮೆರಿಕದ ಗ್ರಾಹಕರಿಗೆ ಬಿಡಿಭಾಗ, ಉಪಕರಣ, ಕೈಪಿಡಿ ಒದಗಿಸಲು ಶುರುಮಾಡಿದ್ದವು. ಕಾನೂನು ಬಿಗಿಯಾದಲ್ಲಿ ಕಂಪನಿಗಳು ಬಗ್ಗಿವೆ, ಫೋನಿನ ವ್ಯಾಪಾರವೇನೂ ನಿಂತಿಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಈ ಮಾತಿಗೆ ಇನ್ನೊಂದು ಮುಖವಿದೆ. 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಜೋಡಣೆ ಆರಂಭವಾಯಿತು. ಆಮೇಲೆ ಕೋಲಾರದ ನರಸಾಪುರ, ಈಗ ದೇವನಹಳ್ಳಿ. ಭೂಮಿ, ನೀರು, ವಿದ್ಯುತ್ತು, ಪ್ರೋತ್ಸಾಹಧನ ಎಲ್ಲವನ್ನೂ ಸರ್ಕಾರ ಮುಂದೆ ನಿಂತು ಕೊಡಿಸುತ್ತದೆ. ಜಗತ್ತಿಗೆ ಫೋನು ಜೋಡಿಸಿಕೊಡುವುದು ನಮ್ಮ ಹೆಣ್ಣುಮಕ್ಕಳ ಕೈಗಳು. ಅದೇ ಫೋನನ್ನು ಬಿಚ್ಚಿ ಸರಿಮಾಡಲು ಅದೇ ಜಿಲ್ಲೆಯ ಹುಡುಗನಿಗೆ ಹಕ್ಕಿಲ್ಲ ಎನ್ನುವುದನ್ನು ಒಪ್ಪುವುದು ಹೇಗೆ? ಕಾರ್ಖಾನೆಗೆ ಸವಲತ್ತು ಕೊಡುವಾಗಲೇ ಬಿಡಿಭಾಗ, ಕೈಪಿಡಿಯ ಷರತ್ತು ಹಾಕುವ ಅವಕಾಶ ಸರ್ಕಾರಕ್ಕಿತ್ತು, ಮುಂದೆಯೂ ಇದೆ.

ಸಾಫ್ಟ್‌ವೇರಿನ ಮಾತನ್ನೂ ಇಲ್ಲಿ ಸೇರಿಸಲೇಬೇಕು. ಗಾಜು, ಬ್ಯಾಟರಿ ಗಟ್ಟಿಮುಟ್ಟಾಗಿದ್ದರೂ ಅಪ್‌ಡೇಟ್ ನಿಂತರೆ ಫೋನು ಸತ್ತ ಹಾಗೆ. 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ ವಾಟ್ಸ್‌ಆ್ಯಪ್ ನಿಂತಿತು. ಬ್ಯಾಂಕಿನ ಆ್ಯಪ್‌ಗಳೂ ಒಂದೊಂದಾಗಿ ಹಳೆಯ ಫೋನುಗಳನ್ನು ಕೈಬಿಡುತ್ತವೆ. ಗೂಗಲ್‌ನ ಪಿಕ್ಸೆಲ್ 8, ಸ್ಯಾಮ್‌ಸಂಗ್‌ನ ಎಸ್24 ಫೋನುಗಳಿಗೆ ಏಳು ವರ್ಷದ ಅಪ್‌ಡೇಟ್ ಭರವಸೆ ಸಿಕ್ಕಿದೆ. ಅಗ್ಗದ ಫೋನುಗಳಲ್ಲಿ ಬಹುಪಾಲಿಗೆ ಆ ಭಾಗ್ಯವಿಲ್ಲ. ಅಂದರೆ ಬಡವರ ಫೋನು ಮೊದಲು ಸಾಯುತ್ತದೆ, ಹೊಸದಕ್ಕೆ ಮೊದಲು ದುಡ್ಡು ಹೊಂದಿಸಬೇಕಾದವರೂ ಅವರೇ. ಸತ್ತ ಫೋನುಗಳು ಎಲ್ಲಿಗೆ ಹೋಗುತ್ತವೆ? 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಅದರಲ್ಲಿ ಕಾಲು ಭಾಗಕ್ಕೂ ಕಡಿಮೆ.

ಆದ್ದರಿಂದ ಕೇಂದ್ರ ಸರ್ಕಾರ ಸಮಿತಿಗಳ ವರದಿಯನ್ನು ಕಪಾಟಿನಲ್ಲಿಡದೆ ಮಸೂದೆಯಾಗಿ ಸಂಸತ್ತಿಗೆ ತರಲಿ. ಫೋನು ಮಾರುವ ಪ್ರತಿ ಕಂಪನಿಯೂ ಅಸಲಿ ಬಿಡಿಭಾಗವನ್ನು, ಕೈಪಿಡಿಯನ್ನು ಯಾವ ರಿಪೇರಿಯವನು ಕೇಳಿದರೂ ನ್ಯಾಯವಾದ ಬೆಲೆಗೆ ಕೊಡಬೇಕು, ಬಿಡಿಭಾಗಗಳ ಮೇಲಿನ ಸಾಫ್ಟ್‌ವೇರ್ ಬೀಗ ಅಪರಾಧವಾಗಬೇಕು, ಹೊರಗೆ ರಿಪೇರಿ ಮಾಡಿಸಿದ್ದಕ್ಕೆ ವಾರಂಟಿ ನಿರಾಕರಿಸುವಂತಿಲ್ಲ ಎಂದು ಅದರಲ್ಲಿ ಬರೆಯಲಿ. ಕರ್ನಾಟಕದಿಂದ ಲೋಕಸಭೆಗೆ ಹೋದ 28 ಮಂದಿಯಲ್ಲಿ ನಿಮ್ಮ ಕ್ಷೇತ್ರದವರು ಯಾರೆಂದು ನಿಮಗೆ ಗೊತ್ತು. ಮುಂದಿನ ಅಧಿವೇಶನಕ್ಕೆ ಮೊದಲು ಅವರಿಗೆ ಒಂದು ಪತ್ರ ಬರೆಯಿರಿ, ಈ ಪ್ರಶ್ನೆಯನ್ನು ಸದನದಲ್ಲಿ ಕೇಳುವಂತೆ ಒತ್ತಾಯಿಸಿ.